ನೀರೊಳಗೊಂದು ಆರು ಪುಟದ ಜಗಳ

ಮೂವತ್ತೆರಡು ಪುಟಗಳ ಕಾಮಿಕ್ಸು. ಅದರಲ್ಲಿ ಇಬ್ಬರು ಸ್ನೇಹಿತರು. ಭೇಟಿಯಾದ ಪುಟದಿಂದ ಕೊನೆಯ ಪುಟದವರೆಗೂ ಅವರು ಸ್ನೇಹಿತರಾಗಿಯೇ ಇರುತ್ತಾರೆ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಸವೆದು ಅಧೀನ ಕಾರ್ಯದರ್ಶಿಯಾಗಿರುವ (ಪದವಿಯಲ್ಲಿ ಅಧೀನ ಇದೆ, ನಿಜ, ಆದರೆ ಕಾರ್ಯದರ್ಶಿಯೂ ಇದೆ) ನನ್ನಂಥವನು ಇದನ್ನು ಹೇಗೆ ನಂಬಲಿ? ಒಂದೇ ಕಾರಿಡಾರಿನಲ್ಲಿ ಎದುರುಬದುರು ಕೂರುವ ಎರಡು ವಿಭಾಗಗಳು ಒಂದು ನೀರಿನ ಫಿಲ್ಟರನ್ನು ಎಲ್ಲಿಡಬೇಕೆಂದು ಒಮ್ಮತಕ್ಕೆ ಬರಲು ನಾಲ್ಕು ವರ್ಷ ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ಅಷ್ಟರಲ್ಲಿ ಫಿಲ್ಟರು ತುಕ್ಕು ಹಿಡಿಯಿತು. ಒಮ್ಮತ ಮಾತ್ರ ಈಗಲೂ ಫೈಲಿನಲ್ಲಿ ಹೊಸದರಂತಿದೆ.

ಕಾಮಿಕ್ಸು ಬರೆದವಳು ನನ್ನ ಮಗಳು ಅನನ್ಯಾ. ಹನ್ನೆರಡನೇ ಕ್ಲಾಸು. ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಅರ್ಧ ವಾಕ್ಯದಲ್ಲಿ ಇಳಿದು ಹಿಂದಿಯ ರೈಲು ಹತ್ತಿಬಿಡುತ್ತಾಳೆ. ಅಂಥವಳು ಆರು ತಿಂಗಳು ಕೂತು ಕನ್ನಡದಲ್ಲೇ ಬರೆದು, ಚಿತ್ರವನ್ನೂ ತಾನೇ ಬಿಡಿಸಿದ್ದಳು. ಡಿಸೈನ್ ಕಾಲೇಜಿಗೆ ಅರ್ಜಿ ಹಾಕುವುದಿತ್ತು. ಅರ್ಜಿಯ ಜೊತೆ ಸ್ವಂತದ್ದೊಂದು ಅಚ್ಚಾದ ಕೆಲಸ ಕಳಿಸಿದರೆ ಒಳ್ಳೆಯದೆಂದು ಅವಳಿಗೆ ಯಾರೋ ಹೇಳಿದ್ದರು. ನಮ್ಮ ಕಾಲೊನಿಯ ಕನ್ನಡ ಕೂಟದ ಕಾರ್ಯದರ್ಶಿ ಮಹಂತೇಶ್, ಗದಗ ಕಡೆಯವರು, ಓಖ್ಲಾದಲ್ಲಿ ಒಂದು ಪ್ರೆಸ್ಸಿನ ಮ್ಯಾನೇಜರು. "ನವೆಂಬರ್ ಕಾರ್ಯಕ್ರಮಕ್ಕ ಅಚ್ಚು ಹಾಕೋಣು ಬಿಡವಾ" ಎಂದು ಅವಳಿಗೆ ಮಾತು ಕೊಟ್ಟಿದ್ದರು.

ನಾಯಕಿ ಜಲಜಾ, ನೀರೊಳಗಿನ ಸೂಪರ್‌ಹೀರೋ. ಜಲಜಾ ಎನ್ನುವುದು ನನ್ನ ಅತ್ತೆಯವರ ಹೆಸರು. ಕಥೆಯ ಜಲಜಾ ಮೂರು ಗಂಟೆ ಉಸಿರು ತೆಗೆದುಕೊಳ್ಳದೆ ನೀರಲ್ಲಿ ಇರಬಲ್ಲಳು, ಅದು ಅವಳ ಮಹಾಶಕ್ತಿ. (ನನ್ನ ಅತ್ತೆಯವರು ಮೂರು ಗಂಟೆ ಉಸಿರು ತೆಗೆದುಕೊಳ್ಳದೆ ಮಾತಾಡಬಲ್ಲರು. ಆದ್ದರಿಂದ ಈ ಭಾಗ ನನಗೆ ಅಸಹಜವೆನಿಸಲಿಲ್ಲ.) ಕಾವೇರಿಯಲ್ಲಿ ಹಾಯಾಗಿದ್ದ ಜಲಜಾ, ಅಪ್ಪನಿಗೆ ಟ್ರಾನ್ಸ್‌ಫರ್ ಆದ ಕಾರಣ ಯಮುನೆಗೆ ಬರುತ್ತಾಳೆ. ಮೊದಲನೇ ಪುಟದಲ್ಲಿ ಯಮುನೆಯೊಳಗೆ ಕಣ್ಣು ಬಿಡುತ್ತಾಳೆ. ಎರಡನೇ ಪುಟದಲ್ಲಿ ಕಣ್ಣಿನ ಡಾಕ್ಟರ ಮುಂದೆ ಕೂತಿರುತ್ತಾಳೆ. ಅಲ್ಲೇ ಅವಳಿಗೆ ಕಚ್ಛಪ್ ಸಿಗುತ್ತಾನೆ. ಓಖ್ಲಾ ಬ್ಯಾರೇಜಿನ ಆಮೆ; ಬೆನ್ನ ಮೇಲೆ ಚಿಪ್ಪು, ಬಾಯಲ್ಲಿ ಅಪ್ಪಟ ದಿಲ್ಲಿ ಹಿಂದಿ. ಮೂರು ವರ್ಷದ ಗೆಳೆತನದ ಮೇಲೆ ಇಬ್ಬರೂ ಸೇರಿ ನೊರಾಸುರನೆಂಬ ನೊರೆಯ ರಾಕ್ಷಸನ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ಗೆಲ್ಲುತ್ತಾರೆ. ಮುಗಿಯಿತು.

"ಅಪ್ಪಾ, ಸಿರ್ಫ್ ಒತ್ತಕ್ಷರ ನೋಡಿ. ಔರ್ ಕುಛ್ ನಹೀ" ಎಂದು ಅನನ್ಯಾ ಹಸ್ತಪ್ರತಿ ಕೊಟ್ಟಳು.

ಒತ್ತಕ್ಷರ ನೋಡಲು ಗುಮಾಸ್ತ ಸಾಕು. ನನ್ನ ಕೈಗೆ ಬಂದ ಯಾವ ಕಾಗದವೂ ಈ ಇಪ್ಪತ್ತಾರು ವರ್ಷದಲ್ಲಿ ಬಂದಂತೆಯೇ ವಾಪಸು ಹೋದದ್ದಿಲ್ಲ. ನಾಲ್ಕು ದಿನ ನಾನು ಈ ಸಾಹಿತ್ಯ ಪ್ರಕಾರವನ್ನು ಆಳವಾಗಿ ಅಧ್ಯಯನ ಮಾಡಿದೆ. (ಅಂದರೆ ಮೆಟ್ರೋದಲ್ಲಿ ಪಕ್ಕದವರ ಮೊಬೈಲಿಗೆ ಕಣ್ಣು ಹಾಯಿಸಿದೆ. ಅವರು ಪುಟ ಬೇಗ ತಿರುಗಿಸಿದರೆ ಕೆಮ್ಮುತ್ತಿದ್ದೆ.) ಎಲ್ಲ ಸೂಪರ್‌ಹೀರೋ ಕಥೆಗಳಿಗೂ ಒಂದೇ ಸೂತ್ರ. ಒಳ್ಳೆಯವರಿಬ್ಬರು ಮೊದಲು ಒಬ್ಬರನ್ನೊಬ್ಬರು ಚಚ್ಚುತ್ತಾರೆ. ಕಟ್ಟಡಗಳು ಉರುಳುತ್ತವೆ, ಸೇತುವೆ ಮುರಿಯುತ್ತದೆ. ಆಮೇಲೆ "ಓ, ನೀನು ನಮ್ಮವನಾ" ಎಂದು ಕೈಕುಲುಕಿ, ಇಬ್ಬರೂ ಕೆಟ್ಟವನನ್ನು ಹುಡುಕಿಕೊಂಡು ಹೊರಡುತ್ತಾರೆ. ಅಷ್ಟರಲ್ಲಿ ಊರಿನಲ್ಲಿ ಕೆಟ್ಟವನಿಗೆ ಹಾಳುಮಾಡಲು ಏನೂ ಉಳಿದಿರುವುದಿಲ್ಲ.

ಭಾನುವಾರ ಬೆಳಿಗ್ಗೆ, ದೋಸೆಯ ಮುಂದೆ, ನನ್ನ ತಿದ್ದುಪಡಿಯನ್ನು ಸಭೆಗೆ ಮಂಡಿಸಿದೆ. ಸಭೆಯಲ್ಲಿದ್ದವರು ಅನನ್ಯಾ ಮತ್ತು, ಕಾವಲಿಯ ಮುಂದೆ, ನನ್ನ ಹೆಂಡತಿ ದೇವಕಿ.

"ನಿನ್ನ ಕಥೇಲಿ ಸಂಘರ್ಷ ಇಲ್ಲ" ಎಂದೆ.

"ನೊರಾಸುರ ಇದ್ದಾನಲ್ಲ."

"ಅವನು ಶತ್ರು. ಶತ್ರು ಜೊತೆ ಯಾರು ಬೇಕಾದ್ರೂ ಜಗಳ ಆಡ್ತಾರೆ. ಮಿತ್ರರ ಮಧ್ಯೆ ಬೇಕು. ಕೇಳು. ಒಂಬತ್ತನೇ ಪುಟದಲ್ಲಿ ಕಚ್ಛಪ್ ಒಂದು ಬಲೆಗೆ ಕೈ ಹಾಕೋಕೆ ಹೋಗ್ತಾನೆ. ಜಲಜಾ ದೂರದಿಂದ 'ಬೇಡ' ಅಂತ ಕೂಗ್ತಾಳೆ. ಅವನು ಹಿಂದಿಯವನು. ಅವನ ಕಿವಿಗೆ ಅದು 'ಬೇಡಾ' ಅಂತ ಬೀಳುತ್ತೆ. ಬೇಡಾ ಅಂದ್ರೆ ಹಿಂದೀಲಿ ದೋಣಿಗಳ ದಂಡು. ಓಹೋ, ದೋಣಿಗಳ ಮೇಲೆ ದಾಳಿ ಮಾಡು ಅಂತಿದ್ದಾಳೆ ಅಂದ್ಕೊಂಡು ಅವನು ಹೋಗಿ ಎಲ್ಲಾ ದೋಣಿ ಮಗುಚಿಹಾಕ್ತಾನೆ. ಜಲಜಾ ಅವನನ್ನ ದ್ರೋಹಿ ಅಂತಾಳೆ. ಅಲ್ಲಿಂದ ಆರು ಪುಟ ಹೊಡೆದಾಟ."

ಇಂಥ ಶ್ಲೇಷೆ ಶತಮಾನಕ್ಕೊಮ್ಮೆ ಹೊಳೆಯುವುದು. ನಾನು ಚಪ್ಪಾಳೆಗಾಗಿ ಸ್ವಲ್ಪ ಜಾಗ ಬಿಟ್ಟೆ.

"ದೋಣೀಲಿ ಯಾರಿದ್ರು?" ಎಂದಳು ಅನನ್ಯಾ.

"ಯಾರೋ ಇದ್ರು."

"ಅವರು ಮುಳುಗ್ತಿದ್ದಾರೆ?"

"ಅದು ಇಲ್ಲಿ ಮುಖ್ಯ ಅಲ್ಲ."

"ಅಪ್ಪಾ, ಜಲಜಾ ಸೂಪರ್‌ಹೀರೋ. ಜನ ಮುಳುಗ್ತಾ ಇದ್ರೆ ಅವಳು ಆರು ಪೇಜ್ ಕಚ್ಛಪ್ ಸೇ ಲಡ್ತೀ ರಹೇಗೀ ಕ್ಯಾ?"

ದೇವಕಿ ದೋಸೆ ಮಗುಚಿದಳು. "ಅಲ್ಲ ರೀ, ಆ ಆಮೆ ಮೂರು ವರ್ಷದಿಂದ ಜಲಜಾ ಜೊತೇಲಿದೆ. ಅದಕ್ಕೆ 'ಬೇಡ' ಗೊತ್ತಿಲ್ವಾ? ನಮ್ಮ ತರಕಾರಿ ಭಯ್ಯಾಗೇ ಗೊತ್ತು. ನಾನು ಬದನೆಕಾಯಿ ನೋಡಿ ಮುಖ ಸಿಂಡರಿಸೋ ಮೊದಲೇ 'ಬೇಡ, ಆಂಟೀ?' ಅಂತಾನೆ."

"ಇದು ತರಕಾರಿ ವ್ಯಾಪಾರ ಅಲ್ಲ, ಕಲೆ."

"ಆಯ್ತು, ಕಲೆ. ಗೊತ್ತಾಗ್ಲಿಲ್ಲ ಅಂತಾನೇ ಇಟ್ಕೊಳ್ಳಿ. 'ಏನಂದೆ?' ಅಂತ ಒಂದು ಮಾತು ಕೇಳಿದ್ರೆ ಮುಗೀತಲ್ಲ."

"ಅದೇ ತೊಂದರೆ. ಕೇಳಿದ್ರೆ ಮುಗಿದುಹೋಗುತ್ತೆ. ಅದಕ್ಕೇ ಕೇಳಬಾರದು."

"ಯಾಕೆ ಕೇಳಬಾರದು?"

"ಕಥೆಗೋಸ್ಕರ."

"ಪಾಪ, ಅವರಿಗೆ ಗೊತ್ತಾ, ತಾವು ಕಥೆಗೋಸ್ಕರ ಪೆಟ್ಟು ತಿಂತಿದ್ದೀವಿ ಅಂತ?"

ನನ್ನ ಹೆಂಡತಿಗೆ ಕಥನಕಲೆಯ ಗಂಧವಿಲ್ಲ. ಅನನ್ಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಪ್ಪಾ, ಇದು ನನ್ನ ಬುಕ್" ಎಂದಳು. "ಕಾಲೇಜಿಗೆ ನಾನು ಇದನ್ನೇ ಕಳಿಸ್ಬೇಕು. ಇಂಟರ್‌ವ್ಯೂನಲ್ಲಿ ಕೇಳ್ತಾರೆ, ಇವರಿಬ್ಬರು ಯಾಕೆ ಲಡ್ ರಹೇ ಹೈಂ ಅಂತ. ನಾನು ಏನು ಹೇಳ್ಲಿ? ಅಪ್ಪಾ ನೇ ಬೋಲಾ ಥಾ, ಅಂತನಾ?"

"ಹಾಗೇ ಹೇಳು. ನನ್ನ ಪದನಾಮವನ್ನೂ ಸೇರಿಸಿ ಹೇಳು" ಎಂದೆ.

ಅವಳು ಅರ್ಧ ದೋಸೆ ಬಿಟ್ಟು ಎದ್ದು ಹೋದಳು.

ಮನೆಯಲ್ಲಿ ಬಹುಮತ ಸಿಗದ ಪ್ರಸ್ತಾವವನ್ನು ಏನು ಮಾಡಬೇಕೆಂದು ನನಗೆ ಗೊತ್ತು. ಮೇಲಿನವರಿಗೆ ನೇರವಾಗಿ ಕಳಿಸಬೇಕು. ಸೋಮವಾರ ಕಚೇರಿಯಲ್ಲಿ ಕೂತು ಆರು ಪುಟದ ಹೊಡೆದಾಟವನ್ನು ಮಾತುಕತೆ ಸಮೇತ ಬರೆದೆ. "ಧಡ್", "ಢಮಾರ್" ಮುಂತಾದ ಶಬ್ದಗಳನ್ನು ಅಡಿಗೆರೆ ಎಳೆದು ಸೂಚಿಸಿದೆ. ಅನನ್ಯಾಳ ಹಳೆಯ ಪ್ರತಿ, ನನ್ನ ಹೊಸ ಪ್ರತಿ, ಎರಡನ್ನೂ ಸೇರಿಸಿ "ಪರಿಶೀಲನೆ ಮತ್ತು ಸೂಕ್ತ ಆದೇಶಕ್ಕಾಗಿ" ಎಂಬ ಒಕ್ಕಣೆಯೊಂದಿಗೆ ಮಹಂತೇಶರ ವಾಟ್ಸಾಪಿಗೆ ಕಳಿಸಿದೆ. ಮುಖಪುಟದಲ್ಲಿ ಮಗಳ ಹೆಸರಿನ ಮೇಲೆ "ಕಥೆ: ದಕ್ಷಿಣಾಮೂರ್ತಿ" ಎಂದು ಹಾಕಬಹುದೆಂಬ ಸಲಹೆಯನ್ನೂ ವಿನಯದಿಂದ ಸೇರಿಸಿದ್ದೆ.

ಮಂಗಳವಾರ ಸಂಜೆ, ಐಎನ್‌ಎ ಮೆಟ್ರೋ ಸ್ಟೇಷನ್ನಿನಲ್ಲಿ ಲೈನು ಬದಲಿಸುತ್ತಿದ್ದಾಗ ಉತ್ತರ ಬಂತು.

"ಸರ, ಎರಡೂ ಓದೀನಿ. ಹಳೇದು ಚಲೋ. ಹೊಸಾದು ನೋಡೂಣ್ರಿ."

ಎಸ್ಕಲೇಟರಿನ ಮೇಲೆ ನಿಂತು ಎರಡು ಸಲ ಓದಿದೆ. ಹಳೆಯದು: ಚಲೋ. ದಿಲ್ಲಿಯ ಬಸ್ಸಿನಲ್ಲಿ ಕಂಡಕ್ಟರು ದಿನಕ್ಕೆ ನೂರು ಸಲ ಹೇಳುವ ಚಲೋ. ನಡೆ, ಹೊರಡು, ಜಾಗ ಖಾಲಿ ಮಾಡು. ಹೊಸದು: ನೋಡೋಣ. ಅಂದರೆ ಅಚ್ಚಿನಲ್ಲಿ ಕಣ್ತುಂಬ ನೋಡೋಣ. ಮಿತಭಾಷಿಯಾದ ಗುಣಗ್ರಾಹಿ. (ನನ್ನ ಮೇಜಿಗೆ ಬರುವ ಅರ್ಜಿಗಳಿಗೆಲ್ಲ ನಾನೂ "ನೋಡೋಣ" ಎಂದೇ ಹೇಳುತ್ತೇನೆ. ಅವುಗಳಲ್ಲಿ ಒಂದನ್ನೂ ಈವರೆಗೆ ನೋಡಿಲ್ಲವೆಂಬುದು ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.)

ಮನೆಗೆ ಬಂದು, ಶೂ ಬಿಚ್ಚುವ ಮೊದಲೇ, ಸಂದೇಶವನ್ನು ಗಟ್ಟಿಯಾಗಿ ಓದಿದೆ. ಅನನ್ಯಾ ನನಗಿಂತ ಹೆಚ್ಚು ದಿಲ್ಲಿಯವಳು; ಅವಳಿಗೂ ಆ ಚಲೋ ಹಾಗೆಯೇ ಕೇಳಿಸಿತು.

"ಮಹಂತೇಶ್ ಅಂಕಲ್ ನನ್ನದು ಬೇಡ ಅಂದ್ರಾ?"

"ಚಲೋ ಅಂದ್ರು. ಹೆಚ್ಚುಕಡಿಮೆ ಅದೇ ಅರ್ಥ. ಆರು ಪುಟಕ್ಕೆ ಚಿತ್ರ ಹತ್ತು ದಿನದಲ್ಲಿ ಆಗಬೇಕು."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನನ್ನ ಹೆಸರು ತೆಗೆದುಬಿಡಿ. ನಾನು ಕಾಲೇಜಿಗೆ ಬೇರೆ ಏನಾದ್ರೂ ಕಳಿಸ್ತೀನಿ" ಎಂದು ಮೆಲ್ಲಗೆ ಹೇಳಿ ಕೋಣೆಗೆ ಹೋದಳು. ಆರು ತಿಂಗಳು ಬಣ್ಣದ ಪೆನ್ಸಿಲು ಕೆತ್ತಿದವಳಿಗೆ, ಅರ್ಜಿಯ ಕೊನೆಯ ದಿನಕ್ಕೆ ಮೂರು ವಾರ ಇರುವಾಗ, ಬೇರೆ ಏನು ಸಿಗುತ್ತದೆ ಎಂದು ನಾನು ಕೇಳಲಿಲ್ಲ. ನಾಯಕರು ಕೇಳುವುದಿಲ್ಲ.

ಮುಂದಿನ ಮೂರು ದಿನ ಮನೆಯಲ್ಲಿ ಸಂಘರ್ಷ ಉತ್ತಮ ಗುಣಮಟ್ಟದ್ದಾಗಿತ್ತು. "ಅಮ್ಮಾ, ಅಪ್ಪಂಗೆ ಹೇಳು, ಫೋನ್ ಬಂದಿದೆ." "ದೇವಕಿ, ನಿನ್ನ ಮಗಳಿಗೆ ಹೇಳು, ನನಗೂ ಕಿವಿ ಇದೆ." ದೇವಕಿ ಇಬ್ಬರ ನಡುವೆ ಟಪಾಲು ಇಲಾಖೆಯಾಗಿ ಸಾಕಾಗಿ, ನಾಲ್ಕನೇ ದಿನ ಮುಷ್ಕರ ಹೂಡಿದಳು. ಅಂದು ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಯಾರಿಗೋ ಫೋನು ಮಾಡುತ್ತಿದ್ದಳು. "ಅಚ್ಛಾ... ಹಂಗಾ... ಅಯ್ಯೋ ರಾಮ, ಅಷ್ಟೇನಾ..." ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಯಾರದು, ಏನೆಂದು ನಾನು ವಿಚಾರಿಸಲಿಲ್ಲ. ಹೆಂಗಸರ ಮಾತು.

ಅದೇನು ಮಾಯೆಯೋ, ಅವತ್ತಿನಿಂದಲೇ ಮನೆ ತಿಳಿಯಾಯಿತು. ಅನನ್ಯಾ ಮತ್ತೆ ಮೇಜಿನ ಮುಂದೆ ಕೂತಳು. ತಾಯಿ ಮಗಳು ತಲೆಗೆ ತಲೆ ತಾಗಿಸಿ ಪಿಸುಗುಟ್ಟುವುದು, ನಾನು ಬಂದ ಕೂಡಲೇ ಹಾಳೆ ಮಗುಚುವುದು. ನನ್ನ ಪ್ರತಿಭೆ ಕೊನೆಗೂ ಮನೆಯವರ ತಲೆಗೆ ಇಳಿಯುತ್ತಿದೆ ಎಂದುಕೊಂಡೆ.

"ಅಪ್ಪಾ, ಸ್ವಲ್ಪ ಈ ಕಡೆ ತಿರುಗಿ" ಎಂದಳು ಒಂದು ದಿನ, ಕೈಯಲ್ಲಿ ಪೆನ್ಸಿಲು ಹಿಡಿದು. "ಚಶ್ಮಾ ಮೂಗಿನ ಮೇಲೆ ಸ್ವಲ್ಪ ಕೆಳಗೆ. ಹಾಂ. ಮಫ್ಲರ್ ಇರಲಿ. ಕೈಯಲ್ಲಿ ಫೈಲ್ ಹಿಡ್ಕೊಳ್ಳಿ."

ಲೇಖಕರ ಭಾವಚಿತ್ರ. ಹಿಂಬದಿಯ ರಕ್ಷಾಪುಟಕ್ಕೆ. ನಾನು ಗಲ್ಲಕ್ಕೆ ಕೈಯಿಟ್ಟು, ದೂರದ ಸತ್ಯವೊಂದನ್ನು ನೋಡುವವನಂತೆ ಗೀಸರಿನ ಕಡೆ ನೋಡಿದೆ.

"ಎರಡೂ ಕೈ ಕಾಣಲಿ" ಎಂದಳು. "ಬೆರಳು ಹೇಗೆ ಹಿಡೀತೀರಿ, ಗೊತ್ತಾಗ್ಬೇಕು."

ಎಷ್ಟು ಶ್ರದ್ಧೆ ನೋಡಿ. ಬಿಡುಗಡೆಯ ಭಾಷಣವನ್ನು ಅದೇ ವಾರ ಸ್ನಾನದ ಹೊತ್ತಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ಹೊರಗೆ ಅನನ್ಯಾ ಪುಸ್ತಕ ಹಿಡಿದು ಏನೋ ಗೀಚಿಕೊಳ್ಳುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕಂಡು, ಮಗಳು ಅಪ್ಪನ ಮಾತನ್ನು ದಾಖಲಿಸುತ್ತಿದ್ದಾಳೆಂದು ಕಣ್ಣು ತೇವವಾಯಿತು. (ಸೋಪೂ ಹೋಗಿತ್ತು.) ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡುತ್ತೀರಾ ಎಂದು ದೇವಕಿ ಒಂದು ಸಲ ಕೇಳಿದಳು. "ನನ್ನ ಬರಹವನ್ನು ನಾನೇ ಏನು ನೋಡೋದು" ಎಂದು ಉದಾರವಾಗಿ ಕೈಬೀಸಿದೆ.

ನವೆಂಬರಿನ ಎರಡನೇ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಾಲೊನಿಯ ಸಮುದಾಯ ಭವನದಲ್ಲಿ ಕಾರ್ಯಕ್ರಮ. ನೂರಿಪ್ಪತ್ತು ಜನ ಸೇರಿದ್ದರು. ದಿಲ್ಲಿಯಲ್ಲಿ ಬಿಸಿಬೇಳೆಬಾತಿನ ಸುಳಿವು ಕೊಟ್ಟರೆ ನೂರಿಪ್ಪತ್ತು ಕನ್ನಡಿಗರು ಎಲ್ಲಿಂದಲಾದರೂ ಸೇರುತ್ತಾರೆ. ನೋಯ್ಡಾದಿಂದಲೂ ಎರಡು ಕಾರು ಬಂದಿದ್ದವು. ನಾನು ವೇದಿಕೆಯ ಮೇಲಿದ್ದೆ. ಮಹಂತೇಶ್ ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ಪ್ರತಿ ಕೊಟ್ಟು ಕೂರಿಸಿದ್ದರು. ವೇದಿಕೆಯ ಮೇಲಿನ ಪ್ರತಿಗಳು ಮಾತ್ರ ಸಂಪ್ರದಾಯದಂತೆ ಬಣ್ಣದ ಕಾಗದದಲ್ಲಿ, ರಿಬ್ಬನ್ನು ಕಟ್ಟಿಕೊಂಡು ಕೂತಿದ್ದವು.

"ಈಗ" ಎಂದರು ಮಹಂತೇಶ್ ಮೈಕಿನಲ್ಲಿ, "ಈ ಪುಸ್ತಕದಾಗಿನ ಒಂದು ಮುಖ್ಯ ಪಾತ್ರಕ್ಕ ಸ್ಫೂರ್ತಿ ಆದವರು ನಮ್ಮ ನಡುವೆ ಅದಾರ. ದಕ್ಷಿಣಾಮೂರ್ತಿ ಸರನ್ನ ಸತ್ಕಾರ ಮಾಡಬೇಕಂತ ಅನನ್ಯಾನ ಹೇಳ್ಯಾಳ."

ಮೈಸೂರು ಪೇಟ ಇರಲಿಲ್ಲ, ಶಾಲು ಇತ್ತು. ದೊಡ್ಡದು, ಭುಜದಿಂದ ಮೊಣಕಾಲಿನವರೆಗೆ. ನಾನು ಎದ್ದೆ, ಕೈಮುಗಿದೆ, ಮೈಕು ಹಿಡಿದೆ.

"ಬಂಧುಗಳೇ, ನನ್ನ ಮಗಳು ಒಂದು ಕಥೆ ಬರೆದಳು. ಒಳ್ಳೆಯ ಕಥೆ. ಆದರೆ ಅದರಲ್ಲಿ ನಾನಿರಲಿಲ್ಲ."

ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾಸ್ಯ ಹತ್ತುತ್ತಿದೆ ಎಂದು ನನಗೆ ಹುರುಪು ಬಂತು.

"ಜಲಜಾ, ಕಚ್ಛಪ್ ಎಂಬ ಈ ಇಬ್ಬರು ಪ್ರಾಣಸ್ನೇಹಿತರ ನಡುವೆ ಜಗಳ ತಂದಿಟ್ಟವನು ಯಾರು? ನಾನು."

ಸಭೆ ನಕ್ಕಿತು. ಜನ ಪುಸ್ತಕ ನೋಡುವುದು, ನನ್ನನ್ನು ನೋಡುವುದು, ಮತ್ತೆ ಪುಸ್ತಕ ನೋಡುವುದು. ಒಬ್ಬರು ಪಕ್ಕದವರಿಗೆ ಪುಟ ತೋರಿಸಿ ನನ್ನ ಕಡೆ ಬೆರಳು ಮಾಡಿದರು. ಓದುಗರು ಕೃತಿಯನ್ನೂ ಕೃತಿಕಾರನನ್ನೂ ಇಷ್ಟು ನಿಷ್ಠೆಯಿಂದ ತಾಳೆ ನೋಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇಬ್ಬರು ಒಟ್ಟಿಗೆ ಸುಖವಾಗಿರುವುದು ನನಗೆ ಸಹಿಸಲಾಗಲಿಲ್ಲ. ಇಬ್ಬರೂ ಪರಸ್ಪರ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಆಟ ಮುಗಿಯುತ್ತಿತ್ತು. ನಾನು ಕೇಳಲು ಬಿಡಲಿಲ್ಲ. ನಾನಿಲ್ಲದಿದ್ದರೆ ಈ ನೀರಿನಲ್ಲಿ ಒಂದು ಅಲೆಯೂ ಏಳುತ್ತಿರಲಿಲ್ಲ."

ಈಗ ಭವನವೇ ಅಲುಗಿತು. ಗಂಡಸರು ಕರ್ಚೀಫು ತೆಗೆದರು. ದೇವಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದಿನ ಕುರ್ಚಿಗೆ ಹಣೆ ಆನಿಸಿದ್ದಳು. ಜೀವಮಾನದಲ್ಲಿ ನನ್ನ ಭಾಷಣಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಅದೇ ಮೊದಲು. (ಹಿಂದೆ ಎದ್ದಿದ್ದರು, ಆದರೆ ಹೊರಗೆ ಹೋಗಿದ್ದರು.)

ಕೂತ ಮೇಲೆ ರಿಬ್ಬನ್ನು ಬಿಚ್ಚಿದೆ. ಮುಖಪುಟದಲ್ಲಿ ಜಲಜಾ, ಕಚ್ಛಪ್, ಕೆಳಗೆ "ಕಥೆ, ಚಿತ್ರ: ಅನನ್ಯಾ" ಎಂದು ಒಂದೇ ಹೆಸರು. ಒಂಬತ್ತನೇ ಪುಟ ತೆಗೆದೆ.

ಅಲ್ಲೊಂದು ಆಕ್ಟೋಪಸ್ ಕೂತಿತ್ತು. ಮೂಗಿನ ತುದಿಯಲ್ಲಿ ನನ್ನ ಕನ್ನಡಕ. ಕುತ್ತಿಗೆಗೆ ನನ್ನ ಮಫ್ಲರು. ಎಂಟು ಕೈಗಳಲ್ಲಿ ಎಂಟು ಕೆಂಪು ಪೆನ್ನು. ಪೆನ್ನು ಹಿಡಿದ ಬೆರಳುಗಳೂ, ಹೇಳುವುದಕ್ಕೆ ನಾಚಿಕೆ, ನನ್ನವೇ. ಹೆಸರು ಅಷ್ಟಭುಜಮೂರ್ತಿ. ಅದು ಜಲಜಾಳ ಕಿವಿಯಲ್ಲೊಂದು, ಕಚ್ಛಪನ ಕಿವಿಯಲ್ಲೊಂದು ಹೇಳಿ, ನಡುವೆ ಕೂತು, "ನಾನಿಲ್ಲದಿದ್ದರೆ ಈ ನೀರಿನಲ್ಲಿ ಒಂದು ಅಲೆಯೂ ಏಳುತ್ತಿರಲಿಲ್ಲ" ಎಂದು ಪೆನ್ನಿನ ತುದಿಯಿಂದ ಮೀಸೆ ತಿರುವುತ್ತಿತ್ತು. ಪಕ್ಕದ ಚೌಕದಲ್ಲಿ ಕಚ್ಛಪ್ ಜಲಜಾಳನ್ನು ಕೇಳುತ್ತಾನೆ: "ತೂನೇ ಐಸಾ ಬೋಲಾ ಕ್ಯಾ?" ಜಲಜಾ ಅನ್ನುತ್ತಾಳೆ: "ಇಲ್ಲಪ್ಪ." ಅಷ್ಟೇ. ನನ್ನ ಆರು ಪುಟದ ಸಂಘರ್ಷ ಒಂದೇ ಚೌಕದಲ್ಲಿ ಮುಗಿದು, ಹತ್ತನೇ ಪುಟದಲ್ಲಿ ಇಬ್ಬರೂ ಸೇರಿ ಆಕ್ಟೋಪಸ್ಸಿನ ಎಂಟು ಕೈಗಳನ್ನೂ ಸೇರಿಸಿ ಗಂಟು ಹಾಕುತ್ತಿದ್ದರು.

"ಮಹಂತೇಶ್" ಎಂದೆ ಹಲ್ಲು ಕಚ್ಚಿ, "ಹಳೇದು ಚಲೋ ಅಂದಿದ್ರಲ್ಲ ನೀವು?"

"ಹೌದ್ರಿ ಸರ. ಹಳೇದು ಭಾಳ ಚಲೋ ಇತ್ತು. ಅದಕ್ಕ ಅದನ್ನ ಹಾಕೇವಿ. ಈ ಆಕ್ಟೋಪಸ್ ಆಮ್ಯಾಲ ಅನನ್ಯಾನ ಸೇರಿಸ್ಯಾಳ."

"ಮತ್ತೆ ಹೊಸಾದು ನೋಡೂಣ್ರಿ?"

"ಮತ್ತ ಹಿರಿಯಾರಿಗೆ ಒಮ್ಮೆಲೆ ಬ್ಯಾಡ ಅಂತ ಹೆಂಗ ಹೇಳೂದ್ರಿ?"

ದೇವಕಿ ಕಣ್ಣೊರೆಸಿಕೊಳ್ಳುತ್ತ ವೇದಿಕೆಯ ಬಳಿ ಬಂದಿದ್ದಳು. "ಹೋದ ವರ್ಷ ನನ್ನ ಹೋಳಿಗೆ ತಿಂದು ಇವರು 'ಚಲೋ ಆಗ್ಯಾವ್ರಿ' ಅಂದು ಇನ್ನೆರಡು ಹಾಕಿಸ್ಕೊಂಡಿದ್ರು. ಅದಕ್ಕೇ ಅನುಮಾನ ಬಂತು. ಫೋನ್ ಮಾಡಿ ಕೇಳಿದೆ. ಒಂದು ನಿಮಿಷ ಆಗ್ಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಅಷ್ಟರಲ್ಲಿ ಅನನ್ಯಾ ಬಂದಳು. ಎದೆಗೆ ಒಂದು ಪ್ರತಿ ಅವಚಿಕೊಂಡಿದ್ದಳು, ಕಾಲೇಜಿಗೆ ನಾಳೆ ಹೊರಡಬೇಕಾದ ಪ್ರತಿ. ಹತ್ತು ದಿನದ ಮೇಲೆ ಮೊದಲ ಸಲ ನನ್ನ ಮುಖವನ್ನು ಪೆನ್ಸಿಲಿಲ್ಲದೆ ನೋಡಿದಳು.

"ಅಪ್ಪಾ, ಕೋಪನಾ?"

ಕೋಪ ಇತ್ತು. ಆದರೆ ನೂರಿಪ್ಪತ್ತು ಜನರ ಎದುರಿಗೆ, ಮೈಕು ಇನ್ನೂ ಚಾಲೂ ಇರುವಾಗ, ಆ ಆಕ್ಟೋಪಸ್ಸು ನಾನಲ್ಲವೆಂದು ವಾದಿಸುವುದು ಹೇಗೆ? ಐದೇ ನಿಮಿಷದ ಹಿಂದೆ ಅದು ನಾನೇ ಎಂದು ಸ್ವಯಂ ಘೋಷಿಸಿ, ಅದಕ್ಕೆ ಶಾಲನ್ನೂ ಹೊದೆಸಿಕೊಂಡಿದ್ದೆ. "ಇಂಟರ್‌ವ್ಯೂನಲ್ಲಿ ಇವನು ಯಾರು ಅಂತ ಕೇಳಿದ್ರೆ ಏನು ಹೇಳ್ತೀಯ?" ಎಂದಷ್ಟೇ ಕೇಳಿದೆ.

"ಕಾಲ್ಪನಿಕ ಅಂತೀನಿ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ಮುಂದಿನ ಸಾಲಿನಿಂದ ಐದಾರು ವರ್ಷದ ಹುಡುಗಿಯೊಬ್ಬಳು ಪುಸ್ತಕ ತೆರೆದುಕೊಂಡೇ ಮೆಟ್ಟಿಲು ಹತ್ತಿ ಬಂದಳು. ನನ್ನೆದುರು ನಿಂತು, ಮೊದಲು ಮುಖ ನೋಡಿ, ಆಮೇಲೆ ನನ್ನ ಒಂದು ಕೈ, ಅನನ್ಯಾ ಹಿಡಿದಿದ್ದ ಇನ್ನೊಂದು ಕೈ ಎಣಿಸಿದಳು. ಲೆಕ್ಕ ತಾಳೆಯಾಗಲಿಲ್ಲ.

"ಅಂಕಲ್" ಎಂದಳು, "ಬಾಕಿ ಆರು ಕೈ ಶಾಲ್ ಒಳಗಡೆ ಇದೆಯಾ?"

ನಾನು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ.